ವಕಾಲತ್ತಿನ ಮೇಲಿನ ಹೆಸರುಗಳು

ವಕಾಲತ್ತು ಒಂದೇ ಹಾಳೆಯ ಕಾಗದ. ಅದನ್ನು ಪೂರ್ತಿ ಓದಿ ಸಹಿ ಹಾಕುವ ಕಕ್ಷಿದಾರರು ಅಪರೂಪ. ಗುಮಾಸ್ತರು ಗುರುತು ಮಾಡಿಕೊಟ್ಟ ಜಾಗದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ವಕೀಲರ ಕಲ್ಯಾಣ ನಿಧಿಯ ಸ್ಟಾಂಪಿಗೆ ದುಡ್ಡು ಕೊಟ್ಟು, ಮುಂದಿನ ವಾಯಿದೆ ಯಾವತ್ತು ಎಂದು ಕೇಳಿಕೊಂಡು ಬಸ್ಸು ಹಿಡಿಯುತ್ತಾರೆ. ಆ ಹಾಳೆಯಲ್ಲಿ ಒಂದರ ಕೆಳಗೊಂದರಂತೆ ಅಚ್ಚಾದ ಕೆಲವು ಹೆಸರುಗಳಿರುತ್ತವೆ. ಮೇಲೆ ಸೀನಿಯರ್, ಅವರ ಕೆಳಗೆ ಹಳೆಯ ಜೂನಿಯರ್, ಆಮೇಲೆ ಹೊಸಬರು. ಹೆಸರಿನ ಪಕ್ಕದಲ್ಲಿ ರಾಜ್ಯ ವಕೀಲರ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆ. ‘ಕೆಎಆರ್’ ಎಂದು ಶುರುವಾಗುವ ಆ ಸಂಖ್ಯೆಯ ಕೊನೆಯಲ್ಲಿ ಒಂದು ಇಸವಿ ಇರುತ್ತದೆ. ಓದಲು ಬಂದವರಿಗೆ ಆ ಇಸವಿಗಳ ಸಾಲೇ ಒಂದು ಆಫೀಸಿನ ಚರಿತ್ರೆ. ಯಾರು ಯಾವ ಕಾಲದಲ್ಲಿ ಕರಿ ಕೋಟು ತೊಟ್ಟರು, ಆಗ ಆ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ.

ವಕೀಲರೊಬ್ಬರ ಹಿನ್ನೆಲೆಯನ್ನು ಇಷ್ಟು ಸುತ್ತಿ ಬಳಸಿ ತಿಳಿಯಬೇಕಾಗಿರುವುದಕ್ಕೆ ಕಾರಣವಿದೆ. ನಮ್ಮಲ್ಲಿ ವಕೀಲರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವಂತಿಲ್ಲ. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿದ ನಡವಳಿಕೆಯ ನಿಯಮಗಳಲ್ಲಿ 36ನೆಯದು ಜಾಹೀರಾತನ್ನೂ ದಲ್ಲಾಳಿಗಳ ಮೂಲಕ ಕೇಸು ಹಿಡಿಯುವುದನ್ನೂ ನಿಷೇಧಿಸುತ್ತದೆ. ತಾನು ನಡೆಸಿದ ಕೇಸಿನ ನೆಪದಲ್ಲಿ ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಳ್ಳುವಂತಿಲ್ಲ. ಆಫೀಸಿನ ಬೋರ್ಡು ಮಿತವಾದ ಅಳತೆಯದಾಗಿರಬೇಕು. ಹಿಂದೆ ನ್ಯಾಯಾಧೀಶರಾಗಿದ್ದೆ, ಅಡ್ವೊಕೇಟ್ ಜನರಲ್ ಆಗಿದ್ದೆ, ವಕೀಲರ ಸಂಘದ ಅಧ್ಯಕ್ಷನಾಗಿದ್ದೆ, ಇಂಥ ಬಗೆಯ ಕೇಸುಗಳಲ್ಲಿ ಪಳಗಿದ್ದೇನೆ ಎಂದೆಲ್ಲ ಅದರ ಮೇಲೆ ಬರೆಸುವ ಹಾಗಿಲ್ಲ. 2008ರಲ್ಲಿ ಈ ನಿಯಮ ಸ್ವಲ್ಪ ಸಡಿಲವಾಗಿ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ವಿವರ, ಓದು ಮತ್ತು ಕೆಲಸದ ಕ್ಷೇತ್ರ ಇಷ್ಟನ್ನು ಹಾಕಲು ಅನುಮತಿ ಸಿಕ್ಕಿತು. ಅಮೆರಿಕದಲ್ಲಿ 1977ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ವಕೀಲರ ಜಾಹೀರಾತಿಗೆ ದಾರಿ ಬಿಟ್ಟಿತು. ನಾವು ಆ ದಾರಿ ಹಿಡಿಯಲಿಲ್ಲ. ಹಿಡಿಯದೇ ಇದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಜೈಲಿನಲ್ಲಿರುವ ಮಗನಿಗೆ ಜಾಮೀನು ಕೊಡಿಸಲು ಓಡಾಡುವ ತಾಯಿಗೆ ದೊಡ್ಡ ಬೋರ್ಡಿನವರು ಒಳ್ಳೆಯ ವಕೀಲರಂತೆ ಕಾಣುವುದು ಸಹಜ, ಆ ತಪ್ಪಿಗೆ ಅವಳು ತೆರುವ ಬೆಲೆ ದೊಡ್ಡದು.

ಬೋರ್ಡು ಹೇಳದ್ದನ್ನು ಊರು ಹೇಳುತ್ತದೆ. ಹೊಸ ವಕೀಲರ ಬಗ್ಗೆ ವಿಚಾರಿಸುವವರು ಯಾವ ಕಾಲೇಜು, ಎಷ್ಟು ಅಂಕ ಎಂದು ಕೇಳುವುದಿಲ್ಲ. ‘ಯಾರ ಆಫೀಸಿನವರು?’ ಎಂದು ಕೇಳುತ್ತಾರೆ. ಇಂಥವರ ಆಫೀಸಿನಲ್ಲಿ ಎಂಟು ವರ್ಷ ಇದ್ದವರು ಎಂದರೆ ಆ ಒಂದು ಮಾತಿನಲ್ಲಿ ಅವರ ಡ್ರಾಫ್ಟಿಂಗ್ ಹೇಗಿರಬಹುದು, ಎದುರು ಪಾರ್ಟಿಯ ಜೊತೆ ಒಳಗೊಳಗೇ ಕೈ ಜೋಡಿಸುವವರೋ ಅಲ್ಲವೋ, ಫೀಸು ಹೇಗೆ ಎಂಬುದೆಲ್ಲ ಅಡಕವಾಗಿರುತ್ತದೆ. ವಕೀಲರ ಜಗತ್ತಿನಲ್ಲಿ ಸೀನಿಯರ್ ಆಫೀಸು ಎನ್ನುವುದು ಸಂಗೀತಗಾರರ ಘರಾಣೆಯ ಹಾಗೆ. ಧ್ವನಿ ಅವರದೇ ಆದರೂ ಬಾನಿ ಗುರುವಿನದು.

ಇಲ್ಲಿ ಬಿಡಿಸಿ ಓದುವ ವಕಾಲತ್ತು ಯಾವುದೋ ಒಂದು ನಿರ್ದಿಷ್ಟ ಆಫೀಸಿನದಲ್ಲ. ಕರ್ನಾಟಕದ ಜಿಲ್ಲಾ ಕೇಂದ್ರಗಳ ಕೋರ್ಟ್ ರಸ್ತೆಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ನಾಲ್ಕು ಹೆಸರುಗಳ ಮಾದರಿ.

ಮೊದಲ ಹೆಸರಿನ ಎದುರು 1970ರ ದಶಕದ ಒಂದು ಇಸವಿ ಇದೆ. ಆ ತಲೆಮಾರಿನವರಿಗೆ ಕಾನೂನು ಕಾಲೇಜು ತಮ್ಮ ಸೀಮೆಯಲ್ಲೇ ಸಿಕ್ಕಿತು. ಅವರ ಸೀನಿಯರುಗಳಿಗೆ ಸಿಕ್ಕಿರಲಿಲ್ಲ. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರೂ ಕೆಂಗಲ್ ಹನುಮಂತಯ್ಯನವರೂ ಕಾನೂನು ಓದಲು ಪುಣೆಗೆ ಹೋದವರು. ದಕ್ಷಿಣ ಕನ್ನಡದವರಿಗೆ ಮದ್ರಾಸು, ಧಾರವಾಡ ಸೀಮೆಯವರಿಗೆ ಮುಂಬೈ ಅಥವಾ ಪುಣೆ, ಕಲಬುರಗಿ ಕಡೆಯವರಿಗೆ ಹೈದರಾಬಾದು. ಊಟ, ವಸತಿ, ರೈಲು ಚಾರ್ಜು ಹೊಂದಿಸಬಲ್ಲ ಮನೆಯ ಹುಡುಗರಿಗೆ ಮಾತ್ರ ದಕ್ಕುವ ಓದು ಅದು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಬೆಳಗಾವಿಯಲ್ಲಿ ಕಾಲೇಜು ತೆರೆದದ್ದು ದೊಡ್ಡ ತಿರುವು. ರಾಜಾ ಲಖಮಗೌಡರ ಹೆಸರಿನ ಆ ಕಾಲೇಜಿನಲ್ಲಿ ಓದಿದವರ ಪೈಕಿ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯ ಒಬ್ಬರು, 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಇನ್ನೊಬ್ಬರು. ವೆಂಕಟರಾಮಯ್ಯನವರು ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಬಂದವರು. ವೇಣುಗೋಪಾಲರ ಬಾಲ್ಯ ಕಳೆದದ್ದು ಮಂಗಳೂರಿನಲ್ಲಿ. ಅವರ ತಂದೆ ಎಂ.ಕೆ. ನಂಬಿಯಾರ್ ಮಂಗಳೂರಿನ ಕೋರ್ಟುಗಳಲ್ಲಿ ವಕೀಲಿ ಶುರುಮಾಡಿ, ಮುಂದೆ ಮದ್ರಾಸಿಗೆ ಹೋದವರು. 1950ರಲ್ಲಿ, ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ನಿಂತು, ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆಯನ್ನು ಹೊಸ ಸಂವಿಧಾನದ ಎದುರು ಮೊದಲು ಇಟ್ಟವರು ಅವರೇ. ಆ ಕೇಸಿನಲ್ಲಿ ಅವರು ಸೋತರು. ಆದರೆ ಅವರು ಅಂದು ಮಂಡಿಸಿದ ವಾದದ ತಿರುಳನ್ನು ಅದೇ ಕೋರ್ಟು 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ ಒಪ್ಪಿಕೊಂಡಿತು. ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿಗಳನ್ನು ಎದುರಿಸಿ ಬೆಳೆದ ವಕೀಲರು ದೇಶದ ಕಾನೂನನ್ನು ಕಟ್ಟಿದ್ದು ಹೀಗೆ.

ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್. ಹೆಗ್ಡೆಯವರದೂ ಅದೇ ದಾರಿ. ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವಕೀಲರಾಗಿದ್ದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ಕೇಶವಾನಂದ ಭಾರತಿ ಪ್ರಕರಣದಲ್ಲಿ ಸರ್ಕಾರಕ್ಕೆ ಹಿಡಿಸದ ತೀರ್ಪು ಬರೆದ ಮೇಲೆ, 1973ರಲ್ಲಿ ಅವರ ಸರದಿ ದಾಟಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಎದ್ದುಬಂದರು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು. ಅದೇ ಕರಾವಳಿಯ ಬೆಳಪು ಗ್ರಾಮದ ಬಿ.ವಿ. ಆಚಾರ್ಯ ಐದು ಬಾರಿ ರಾಜ್ಯದ ಅಡ್ವೊಕೇಟ್ ಜನರಲ್ ಆದವರು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ಬೆಂಗಳೂರಿಗೆ ವರ್ಗವಾದಾಗ ವಿಶೇಷ ಸರ್ಕಾರಿ ಅಭಿಯೋಜಕರಾಗಿ ನಿಂತವರೂ ಅವರೇ.

ಜಿಲ್ಲಾ ಕೇಂದ್ರದ ನಮ್ಮ ಸೀನಿಯರ್ ಅಷ್ಟು ದೂರ ಹೋದವರಲ್ಲ. ಹೋಗಬೇಕೆಂಬ ಹಂಬಲವೂ ಇರಲಿಕ್ಕಿಲ್ಲ. ಅವರ ಸಂಪತ್ತು ಬೇರೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರಾದರೆ ನಿಜಾಮರ ಕಾಲದ ಉರ್ದು ದಸ್ತಾವೇಜು ಕೈಗೆ ಬಂದಾಗ ಯಾವ ಸಾಲಿನಲ್ಲಿ ಚೆಕ್‌ಬಂದಿ ಇದೆ ಎಂದು ಗುರುತಿಸಬಲ್ಲರು. ಬೆಳಗಾವಿ, ಧಾರವಾಡದವರಾದರೆ ಮೋಡಿ ಲಿಪಿಯ ಹಳೆಯ ಕಾಗದವನ್ನು ಯಾರ ಕೈಯಲ್ಲಿ ಓದಿಸಬೇಕು ಎಂಬುದು ಗೊತ್ತು. ಊರಿನ ಕೆರೆ ಅಂಗಳ ಎಲ್ಲಿಯವರೆಗಿತ್ತು, ಯಾವ ಇನಾಮು ಯಾವಾಗ ರದ್ದಾಯಿತು, ಯಾವ ಮನೆತನದ ಹಿರಿಯ ಎರಡು ಮದುವೆಯಾಗಿದ್ದ ಎಂಬಂಥ ಸಂಗತಿಗಳು ಯಾವ ಕಾನೂನು ಪುಸ್ತಕದಲ್ಲೂ ಇರುವುದಿಲ್ಲ. ದಾವೆ ಗೆಲ್ಲುವುದು ಅನೇಕ ಸಲ ಇವುಗಳಿಂದಲೇ.

ಎರಡನೆಯ ಹೆಸರಿನ ಇಸವಿ 1990ರ ದಶಕದ್ದು. ಈ ಹೆಸರಿನ ಹಿಂದೆ ಒಂದು ಹಾಸ್ಟೆಲ್ ಇದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿದಾರರನ್ನು ಜಮೀನಿನ ಒಡೆಯರನ್ನಾಗಿಸಿತು. 1975ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗದ ವರದಿ ಬಂತು. ಹಾವನೂರರೂ ವಕೀಲರೇ. ಈ ಎರಡರ ಫಲವನ್ನು ಬರೀ ಪಹಣಿಯಲ್ಲೋ ಸರ್ಕಾರಿ ನೌಕರಿಯ ಪಟ್ಟಿಯಲ್ಲೋ ಹುಡುಕಿದರೆ ಅರ್ಧವಷ್ಟೇ ಸಿಗುತ್ತದೆ. ಉಳಿದರ್ಧ ಜಿಲ್ಲಾ ವಕೀಲರ ಸಂಘಗಳ ಸದಸ್ಯರ ಪಟ್ಟಿಯಲ್ಲಿದೆ. ಗೇಣಿದಾರನ ಮಗ ಹಾಸ್ಟೆಲಿನಲ್ಲಿದ್ದು ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕಾನೂನು ಓದಿ, ಒಂದು ಕಾಲಕ್ಕೆ ತನ್ನ ಅಪ್ಪ ಕೈಕಟ್ಟಿ ನಿಂತಿದ್ದ ಆಫೀಸಿಗೇ ಜೂನಿಯರ್ ಆಗಿ ಸೇರಿದ.

ಈ ಕಾಲದ ಒಂದು ಸಂಗತಿ ಈಗ ಬಹಳ ಜನರ ನೆನಪಿನಲ್ಲಿಲ್ಲ. ಗೇಣಿದಾರರ ಅರ್ಜಿ ತೀರ್ಮಾನಿಸುತ್ತಿದ್ದ ಭೂ ನ್ಯಾಯಮಂಡಳಿಗಳ ಎದುರು ವಕೀಲರು ಹಾಜರಾಗಲೇಬಾರದೆಂದು ಭೂಸುಧಾರಣೆ ಕಾಯ್ದೆಯ 48(8)ನೆಯ ಕಲಮು ಹೇಳುತ್ತಿತ್ತು. ವಕೀಲರನ್ನು ಇಡಲು ಶಕ್ತಿಯಿರುವುದು ಒಡೆಯನಿಗೆ, ಗೇಣಿದಾರನಿಗಲ್ಲ ಎಂಬ ಕಾಳಜಿ ಅದರ ಹಿಂದಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಭೂಸುಧಾರಣೆಯನ್ನು ಎತ್ತಿಹಿಡಿದು, ಈ ಕಲಮನ್ನು ಮಾತ್ರ ರದ್ದುಮಾಡಿತು. ಅಷ್ಟರಲ್ಲಿ ಗೇಣಿದಾರರ ಮನೆಯಿಂದಲೇ ವಕೀಲರು ಬರಲು ಶುರುವಾಗಿತ್ತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆಯಿತು. ಬೆಂಗಳೂರಿನಲ್ಲಿ ಎನ್.ಆರ್. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಪಿಯುಸಿ ಮುಗಿಸಿದ ಕೂಡಲೇ ಐದು ವರ್ಷದ ಕಾನೂನು ಓದು, ಪ್ರವೇಶಕ್ಕೆ ದೇಶದ ಮಟ್ಟದ ಪರೀಕ್ಷೆ. ಅಲ್ಲಿಂದ ಹೊರಬಂದವರಲ್ಲಿ ಬಹಳ ಮಂದಿ ದೊಡ್ಡ ಕಾರ್ಪೊರೇಟ್ ಸಂಸ್ಥೆಗಳಿಗೆ ಹೋದರು, ಕೆಲವರು ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ನಿಂತರು. ಜಿಲ್ಲಾ ಕೇಂದ್ರದ ವಕಾಲತ್ತಿನಲ್ಲಿ ಅವರ ಹೆಸರು ಕಾಣುವುದು ಕಡಿಮೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಆರಂಭವಾಗಿ ರಾಜ್ಯದ ಉಳಿದ ಕಾಲೇಜುಗಳು ಅದರಡಿ ಬಂದವು. ಮೊಫಸಿಲ್ ಕೋರ್ಟುಗಳಿಗೆ ಇಂದಿಗೂ ವಕೀಲರನ್ನು ಕೊಡುತ್ತಿರುವುದು ಈ ಕಾಲೇಜುಗಳೇ.

ಕಾಲೇಜು ಕೊಡುವುದು ಪದವಿ. ವಕೀಲಿಕೆ ಕಲಿಯುವುದು ಆಫೀಸಿನಲ್ಲಿ. ಅದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಹೊಸ ಜೂನಿಯರಿಗೆ ಮೊದಲು ಸಿಗುವುದು ಡೈರಿ. ಇವತ್ತು ಯಾವ ಕೋರ್ಟಿನಲ್ಲಿ ಯಾವ ಕೇಸು, ಯಾವ ಹಂತ. ಬೆಳಗ್ಗೆ ಕಟ್ಟುಗಳನ್ನು ಜೋಡಿಸಿಕೊಂಡು ಹೋಗುವುದು, ಕೇಸು ಕೂಗಿದಾಗ ಸೀನಿಯರ್ ಬೇರೆ ಹಾಲಿನಲ್ಲಿದ್ದರೆ ಎದ್ದುನಿಂತು ಪಾಸ್‌ಓವರ್ ಕೇಳುವುದು, ಸಮನ್ಸಿಗೆ ಪ್ರೋಸೆಸ್ ಫೀ ಕಟ್ಟುವುದು, ನಕಲು ಅರ್ಜಿ ಹಾಕುವುದು. ಮೊದಲ ವರ್ಷವೆಲ್ಲ ಇಷ್ಟೇ. ಕೆಲವರಿಗೆ ಇದು ಗುಮಾಸ್ತಿಕೆ ಅನ್ನಿಸಿ ಬೇಸರವಾಗುತ್ತದೆ. ಆದರೆ ಹಾಲಿನಲ್ಲಿ ಸುಮ್ಮನೆ ಕೂತು ಬೇರೆಯವರ ಪಾಟೀಸವಾಲು ಕೇಳುವ ಆ ತಾಸುಗಳೇ ನಿಜವಾದ ಪಾಠ. ಸಾಕ್ಷಿಯ ಬಾಯಿಂದ ಬೇಕಾದ ಮಾತು ಬಂದ ಮೇಲೆ ಒಳ್ಳೆಯ ವಕೀಲರು ಕೂತುಬಿಡುತ್ತಾರೆ. ಅನುಭವವಿಲ್ಲದವರು ಇನ್ನೊಂದು ಪ್ರಶ್ನೆ ಕೇಳಿ ಬಂದದ್ದನ್ನೂ ಕಳೆದುಕೊಳ್ಳುತ್ತಾರೆ. ಇದನ್ನು ಕೂತು ನೋಡಿಯೇ ಕಲಿಯಬೇಕು.

ಸಂಜೆ ಆಫೀಸಿನಲ್ಲಿ ಡ್ರಾಫ್ಟಿಂಗ್. ವಿಭಾಗದ ದಾವೆಯನ್ನೇ ತೆಗೆದುಕೊಳ್ಳಿ. ನಮ್ಮ ಸಿವಿಲ್ ಕೋರ್ಟುಗಳ ಅನ್ನದ ಬಟ್ಟಲು ಅದು. ಪಿತ್ರಾರ್ಜಿತ ಆಸ್ತಿಯಲ್ಲಿ ವಾದಿ ಉಳಿದವರ ಜೊತೆ ಜಂಟಿ ಸ್ವಾಧೀನದಲ್ಲಿದ್ದಾನೆ ಎಂದು ಪ್ಲೇಂಟಿನಲ್ಲಿ ಬರೆದರೆ, 1958ರ ಕರ್ನಾಟಕ ಕೋರ್ಟು ಶುಲ್ಕ ಕಾಯ್ದೆಯ 35(2)ನೆಯ ಕಲಮಿನಂತೆ ಆಸ್ತಿ ಎಷ್ಟು ದೊಡ್ಡದಾದರೂ ಶುಲ್ಕ 200 ರೂಪಾಯಿ ದಾಟುವುದಿಲ್ಲ. ಅವನನ್ನು ಹೊರಹಾಕಲಾಗಿದೆ ಎಂದು ಬರೆದರೆ 35(1) ಅನ್ವಯಿಸಿ, ಅವನ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ನಗರದ ಅಂಚಿನ ಜಮೀನಾದರೆ ಆ ಮೊತ್ತ ಲಕ್ಷಗಳಿಗೆ ಹೋಗಬಹುದು. ಹಾಗೆಂದು ಇಲ್ಲದ ಸ್ವಾಧೀನವನ್ನು ಇದೆ ಎಂದು ಬರೆದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳುವುದು ಕಕ್ಷಿದಾರನೇ. ಜೂನಿಯರ್ ಬರೆದ ಕರಡಿನ ಆ ಒಂದು ಸಾಲಿಗೆ ಸೀನಿಯರ್ ಕೆಂಪು ಗೆರೆ ಎಳೆದು, ಪಾರ್ಟಿಯನ್ನು ಮತ್ತೆ ಕರೆಸಿ ‘ನಿಜ ಹೇಳಪ್ಪ, ಜಮೀನಿನ ಫಸಲಿನಲ್ಲಿ ನಿನಗೆ ಪಾಲು ಬರುತ್ತಿತ್ತೋ ಇಲ್ಲವೋ’ ಎಂದು ಕೇಳುತ್ತಾರಲ್ಲ, ವಕೀಲಿಕೆ ಅಲ್ಲಿ ಕಲಿತದ್ದು. ಕೇಳುವುದನ್ನು ಕಲಿಯದವರು ಬರೆಯುವುದನ್ನೂ ಕಲಿಯಲಿಲ್ಲ ಎಂದೇ ಲೆಕ್ಕ.

ಮೂರನೆಯ ಹೆಸರು ಹೆಣ್ಣುಮಗಳದು. ಇಸವಿ 2010ರ ಆಸುಪಾಸು. ಹೆಣ್ಣುಮಕ್ಕಳು ವಕೀಲರಾಗಬಹುದೆಂದು ಈ ದೇಶದ ಕಾನೂನು ಒಪ್ಪಿದ್ದು 1923ರಲ್ಲಿ. ಅದಕ್ಕೂ ಮುಂಚೆ 1916ರಲ್ಲಿ ಕಲ್ಕತ್ತಾದಲ್ಲಿ ರೆಜಿನಾ ಗುಹಾ, 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅರ್ಜಿ ಹಾಕಿ, ಹೆಣ್ಣೆಂಬ ಒಂದೇ ಕಾರಣಕ್ಕೆ ಬಾಗಿಲಿನಿಂದ ವಾಪಸಾಗಿದ್ದರು. ಕಾನೂನು ಬದಲಾದರೂ ಮೊಫಸಿಲ್ ಕೋರ್ಟುಗಳಿಗೆ ಆ ಗಾಳಿ ಮುಟ್ಟಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಬಳ್ಳಾರಿಯ ಮೊದಲ ಮಹಿಳಾ ವಕೀಲರೆಂದು ಹೆಸರಾದ ಮಂಜುಳಾ ಚೆಲ್ಲೂರ್ ಹುಟ್ಟಿದ್ದೇ 1955ರಲ್ಲಿ. ಮುಂದೆ ಅವರು ಕೇರಳ, ಕಲ್ಕತ್ತಾ, ಬಾಂಬೆ ಈ ಮೂರು ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾದರು. ಬಿ.ವಿ. ನಾಗರತ್ನ 1987ರಲ್ಲಿ ನೋಂದಣಿ ಮಾಡಿಸಿ, ಬೆಂಗಳೂರಿನ ವಕೀಲರ ಸಂಸ್ಥೆಯೊಂದರಲ್ಲಿ ಕೆಲಸ ಕಲಿತು, 1994ರಲ್ಲಿ ಸ್ವತಂತ್ರವಾಗಿ ವಕೀಲಿ ಶುರುಮಾಡಿದರು. 2008ರಲ್ಲಿ ಹೈಕೋರ್ಟಿಗೆ, 2021ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕವಾದರು. ಅವರು ಇ.ಎಸ್. ವೆಂಕಟರಾಮಯ್ಯನವರ ಮಗಳು. ಮನೆಯಲ್ಲೇ ಕಾನೂನಿನ ಗಾಳಿ ಇದ್ದ ಅವರೂ ಏಳು ವರ್ಷ ಒಂದು ಆಫೀಸಿನಲ್ಲಿ ಕೆಲಸ ಕಲಿತೇ ಹೊರಬಂದರು ಎಂಬುದನ್ನು ಗಮನಿಸಬೇಕು.

ನಮ್ಮ ಜಿಲ್ಲಾ ಕೇಂದ್ರದ ಆ ವಕೀಲೆಗೆ ಮನೆಯಲ್ಲಿ ಅಂಥ ಹಿನ್ನೆಲೆ ಇರುವುದಿಲ್ಲ. ಅಪ್ಪ ಶಾಲಾ ಮಾಸ್ತರರೋ ರೈತರೋ ಆಗಿರುತ್ತಾರೆ. ಕ್ರಿಮಿನಲ್ ಕೇಸು ಬೇಡಮ್ಮ, ಕೌಟುಂಬಿಕ ಕೋರ್ಟು ಸಾಕು ಎಂದು ಮನೆಯವರೂ ಹೇಳುತ್ತಾರೆ, ಕೆಲವು ಸೀನಿಯರುಗಳೂ ಹೇಳುತ್ತಾರೆ. ಈ ವಕೀಲೆಯ ಕೈಯಲ್ಲಿ ಬೆಳೆದ ಒಂದು ಬಗೆಯ ಕೇಸು ಮಾತ್ರ ಊರಿನ ಲೆಕ್ಕಾಚಾರವನ್ನೇ ಬದಲಿಸಿತು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು, ಅದುವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು, ಮದುವೆಯಾದವರು ಆಗದವರು ಎಂಬ ಭೇದ ಹೋಯಿತು. ಆ ದಿನಕ್ಕೆ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು: ಬದುಕಿರಬೇಕಾಗಿಲ್ಲ. ಅಣ್ಣತಮ್ಮಂದಿರ ಮೇಲೆ ದಾವೆ ಹೂಡಲು ಬರುವ ಅಕ್ಕ, ಅರ್ಧ ವಿಷಯವನ್ನು ಗಂಡಸು ವಕೀಲರ ಮುಂದೆ ನುಂಗಿಕೊಳ್ಳುತ್ತಾಳೆ. ತವರು ತಪ್ಪಿಹೋಗುವ ಭಯ, ಅಮ್ಮನ ಒತ್ತಾಯ, ಗಂಡನ ಒತ್ತಡ, ಖಾಲಿ ಸ್ಟಾಂಪ್ ಪೇಪರಿಗೆ ಹಾಕಿಸಿಕೊಂಡ ಸಹಿ, ಎಲ್ಲವೂ ಈ ವಕೀಲೆಯ ಟೇಬಲ್ಲಿನ ಮುಂದೆ ಹೊರಬಂದವು. ಆ ದಾವೆಗಳ ಪ್ಲೇಂಟು ಓದಿದರೆ ವಾದಿಯ ಮಾತು ಕೇಳಿಸುತ್ತದೆ.

ಹಾಗಿದ್ದೂ ದೇಶದ ಸುಮಾರು 17 ಲಕ್ಷ ವಕೀಲರಲ್ಲಿ ಹೆಣ್ಣುಮಕ್ಕಳು ಶೇಕಡ 15ರಷ್ಟೇ ಎಂದು 2021ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಬೇಸರದಿಂದ ಹೇಳಿದ್ದರು. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡಲು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಕಾನೂನು ಕಾಲೇಜುಗಳ ತರಗತಿಯಲ್ಲಿ ಹುಡುಗಿಯರಿಗೆ ಕೊರತೆಯಿಲ್ಲ. ತರಗತಿಗೂ ಕೋರ್ಟ್ ಹಾಲಿಗೂ ನಡುವೆ ಎಲ್ಲೋ ಅವರು ಕಳೆದುಹೋಗುತ್ತಿದ್ದಾರೆ. ಎಲ್ಲಿ ಎಂಬುದಕ್ಕೆ ಉತ್ತರ ನಾಲ್ಕನೆಯ ಹೆಸರಿನ ಕಥೆಯಲ್ಲಿದೆ.

ಅದಕ್ಕೆ ಮುಂಚೆ ವಕಾಲತ್ತಿನಲ್ಲಿ ಇಲ್ಲದ ಒಬ್ಬರ ಬಗ್ಗೆ ಹೇಳಬೇಕು. ಗುಮಾಸ್ತರು. ಕೇಸು ಯಾವ ಶಾಖೆಯಲ್ಲಿದೆ, ಕಚೇರಿ ಆಕ್ಷೇಪಣೆ ಏನು, ರೆಕಾರ್ಡ್ ರೂಮಿನಿಂದ ಹಳೆಯ ಕಡತ ತೆಗೆಸುವುದು ಹೇಗೆ ಎಂದು ಬಲ್ಲವರು. ಅನೇಕ ಹೊಸ ವಕೀಲರಿಗೆ ಮೊದಲ ಗುರು ಇವರೇ. ಜೂನಿಯರುಗಳು ಬಂದು ಹೋಗುತ್ತಾರೆ, ಸೀನಿಯರ್ ಆಫೀಸಿನ ನೆನಪೆಲ್ಲ ಗುಮಾಸ್ತರ ತಲೆಯಲ್ಲಿ ಉಳಿದಿರುತ್ತದೆ. ಇ-ಫೈಲಿಂಗ್ ಬಂದ ಮೇಲೆ ಅವರ ಕೆಲಸದ ರೂಪ ಬದಲಾಗಿದೆ. ಬಹಳ ಆಫೀಸುಗಳಲ್ಲಿ ಸ್ಕ್ಯಾನರಿನ ಮುಂದೆ ಕೂತಿರುವವರೂ ಅವರೇ.

ಈಗ ಕೊನೆಯ ಹೆಸರು. ಇಸವಿ 2024. ಇವರಿಗೆ ಹಿಂದಿನವರಿಗಿಲ್ಲದ ಒಂದು ಅನುಕೂಲ ಸಿಕ್ಕಿತು. ರಾಜ್ಯದ ವಕೀಲರ ಪರಿಷತ್ತುಗಳು ನೋಂದಣಿಗೆ ಮನಬಂದಂತೆ ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದುದನ್ನು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತಡೆಯಿತು. ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದರ ಮೇಲೆ ಒಂದು ಪೈಸೆಯೂ ಇಲ್ಲ. ಪದವಿಯ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯೊಂದಿದೆ. 2011ರಲ್ಲಿ ಶುರುವಾದ ಇದನ್ನು 2023ರಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ನೋಂದಣಿಯಾದ ವರ್ಷವೇ, ಜುಲೈ 1ರಿಂದ, ಕ್ರಿಮಿನಲ್ ಕಾನೂನುಗಳು ಮೂರೂ ಬದಲಾದವು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಕೊಲೆಯ ಕಲಮು 302 ಈಗ 103, ವಂಚನೆಯ 420 ಈಗ 318. ಹಳೆಯ ಕೃತ್ಯಗಳ ಕೇಸುಗಳು ಹಳೆಯ ಸಂಹಿತೆಯಡಿಯೇ ನಡೆಯುವುದರಿಂದ ಎರಡೂ ಗೊತ್ತಿರಬೇಕು. ಇದರಲ್ಲಿ ಸೀನಿಯರೂ ಜೂನಿಯರೂ ಒಂದೇ ಬೆಂಚಿನ ವಿದ್ಯಾರ್ಥಿಗಳು. ಹೊಸ ಸಂಖ್ಯೆ ಮೊದಲು ಬಾಯಿಗೆ ಬರುವುದು ಜೂನಿಯರಿಗೇ.

ಕನ್ನಡದಲ್ಲಿ ಓದಿ ಬಂದವರಿಗೆ ತಾಲೂಕು, ಜಿಲ್ಲಾ ಕೋರ್ಟು ಒಂದು ಹದಕ್ಕೆ ನೆಮ್ಮದಿಯ ಜಾಗ. ಸಾಕ್ಷಿ ಕನ್ನಡದಲ್ಲಿ, ಸವಾಲು ಕನ್ನಡದಲ್ಲಿ, ಮನಸ್ಸಿದ್ದರೆ ಪ್ಲೇಂಟೂ ಕನ್ನಡದಲ್ಲಿ. ಮೇಲಿನ ಕೋರ್ಟಿಗೆ ಹೋದಾಗ ಗೋಡೆ ಎದುರಾಗುತ್ತದೆ. 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಬಂದು 2013ರಲ್ಲಿ ಕಾಯಂ ಆದ ಮೇಲೆ ಬೆಂಗಳೂರಿನ ದೂರ ಕಡಿಮೆಯಾಯಿತು, ಇಂಗ್ಲಿಷಿನ ದೂರ ಹಾಗೇ ಇದೆ. 2024ರ ಡಿಸೆಂಬರ್ 12ರಂದು ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಪ್ರಕಟಿಸಿದ್ದು ಈ ಹುಡುಗ ಹುಡುಗಿಯರಿಗೆ ಎಷ್ಟು ದೊಡ್ಡ ಸುದ್ದಿಯಾಗಿತ್ತೆಂದು ಹೊರಗಿನವರಿಗೆ ಅಂದಾಜಾಗಲಾರದು.

ಈ ನಾಲ್ಕನೆಯವರ ದಾರಿ ಎಲ್ಲಿಗೆ ಹೋಗುತ್ತದೆ? ಕೆಲವರು ಸಹಾಯಕ ಸರ್ಕಾರಿ ಅಭಿಯೋಜಕರ ಪರೀಕ್ಷೆ ಬರೆಯುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಕೆಲವರು ನೋಟರಿ ಆಗುತ್ತಾರೆ. ಏಳು ವರ್ಷದ ಮೇಲೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಅರ್ಹತೆ ಬರುತ್ತದೆ. ರಾಜಕೀಯಕ್ಕೆ ಹೋಗುವವರೂ ಉಂಟು. ಸಿದ್ದರಾಮಯ್ಯ ಮೈಸೂರಿನಲ್ಲಿ ವಕೀಲಿ ಮಾಡುತ್ತ, ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತ ಇದ್ದವರು 1983ರಲ್ಲಿ ಶಾಸಕರಾದರು. ಹುಬ್ಬಳ್ಳಿಯ ವಕೀಲರಾಗಿದ್ದ ಎಸ್.ಆರ್. ಬೊಮ್ಮಾಯಿ, ತಮ್ಮ ಸರ್ಕಾರದ ವಜಾ ಪ್ರಶ್ನಿಸಿ ಹೋರಾಡಿ, 1994ರ ತೀರ್ಪಿನ ಮೂಲಕ ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿ ಹೆಸರಾದರು. ಆದರೆ ಬಹಳ ಜನರ ಕನಸು ಸಿವಿಲ್ ನ್ಯಾಯಾಧೀಶರ ಹುದ್ದೆ. 2025ರ ಮೇ 20ರಂದು ಸುಪ್ರೀಂ ಕೋರ್ಟು ಈ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು ಮತ್ತೆ ನಿಗದಿ ಮಾಡಿತು. ಕೋರ್ಟ್ ಹಾಲು ಕಾಣದೆ, ಪುಸ್ತಕ ಓದಿಕೊಂಡು ನೇರ ಪೀಠ ಹತ್ತುವ ಪದ್ಧತಿ ಇನ್ನಿಲ್ಲ. ಇದು ಒಳ್ಳೆಯ ನಿರ್ಧಾರ. ಸಾಕ್ಷಿ ಕಟ್ಟೆಯಲ್ಲಿ ನಡುಗುವ ಮುದುಕಿಯನ್ನು ಕೆಳಗೆ ನಿಂತು ನೋಡಿದವರೇ ಮೇಲೆ ಕೂತಾಗ ಅವಳಿಗೆ ಸಮಯ ಕೊಡುತ್ತಾರೆ.

ಆದರೆ ಆ ಮೂರು ವರ್ಷ ಊಟ ಹಾಕುವವರು ಯಾರು? ಹೊಸ ಜೂನಿಯರಿಗೆ ಸಂಬಳ ಎಂಬುದು ಬಹಳ ಆಫೀಸುಗಳಲ್ಲಿ ಇಲ್ಲ. ಬಸ್ ಚಾರ್ಜು, ಹಬ್ಬಕ್ಕೊಂದು ಲಕೋಟೆ, ಗೆದ್ದ ಪಾರ್ಟಿ ಖುಷಿಯಿಂದ ಕೊಟ್ಟದ್ದು, ಇಷ್ಟೇ. ಮನೆಯಲ್ಲಿ ಅನುಕೂಲವಿದ್ದವರು ಕಾಯುತ್ತಾರೆ. ಇಲ್ಲದವರು ಆರು ತಿಂಗಳಿಗೋ ವರ್ಷಕ್ಕೋ ಕೋಟನ್ನು ಮಡಿಸಿಟ್ಟು ಬ್ಯಾಂಕಿನ ಸಾಲ ವಸೂಲಾತಿ ವಿಭಾಗವನ್ನೋ ಬೆಂಗಳೂರಿನ ಕಂಪನಿಯನ್ನೋ ಸೇರುತ್ತಾರೆ. ಹುಡುಗಿಯರ ವಿಷಯದಲ್ಲಿ ಮನೆಯವರು ಅಷ್ಟು ದಿನವೂ ಕಾಯುವುದಿಲ್ಲ. ತರಗತಿಯಲ್ಲಿ ಮುಂದಿದ್ದವರು ಕೋರ್ಟಿನಿಂದ ಕಾಣೆಯಾಗುವುದು ಈ ಮೂರು ವರ್ಷಗಳಲ್ಲಿ. ಗೇಣಿದಾರನ ಮಗನಿಗೆ ತೊಂಬತ್ತರ ದಶಕದಲ್ಲಿ ತೆರೆದ ಬಾಗಿಲು, ಕೂಲಿಕಾರನ ಮಗಳಿಗೆ ಇಂದು ಹೊಸ್ತಿಲಲ್ಲೇ ಮುಚ್ಚಿಕೊಳ್ಳುತ್ತಿದೆ. ಇದು ನನ್ನನ್ನು ಬಹಳ ಕಾಡುವ ಸಂಗತಿ, ಏಕೆಂದರೆ ಆ ಮಗಳೇ ನಾಳೆ ನ್ಯಾಯಪೀಠದಲ್ಲಿ ಕೂರಬೇಕಾದವಳು.

ಪರಿಹಾರ ಯಾರಿಗೂ ಹೊಳೆದಿಲ್ಲವೆಂದಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ, ಹಿರಿಯ ವಕೀಲರ ಕೈಕೆಳಗೆ ತರಬೇತಿ ಪಡೆಯುವ ಅವಧಿಯಲ್ಲಿ ತಿಂಗಳ ಭತ್ಯೆ ಕೊಡುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯಲ್ಲೂ ಅಂಥ ಯೋಜನೆಯಿದೆ. ಈ ಭತ್ಯೆಯಿಂದಲೇ ವೃತ್ತಿಯಲ್ಲಿ ಉಳಿದವರು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯನ್ನು ಜೂನಿಯರುಗಳಿಗೆ ಕೊಡಬೇಕೆಂದು ಸೀನಿಯರುಗಳಿಗೆ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಕಡ್ಡಾಯವಲ್ಲ. ತಾಲೂಕು ಕೇಂದ್ರದ ಎಲ್ಲ ಸೀನಿಯರುಗಳಿಗೂ ಅಷ್ಟು ಕೊಡುವ ಶಕ್ತಿ ಇರುವುದಿಲ್ಲ ಎಂಬುದೂ ನಿಜ, ಅವರ ಕಕ್ಷಿದಾರರೂ ಬಡವರೇ. ಆದರೆ ಶಕ್ತಿ ಇರುವ ಆಫೀಸುಗಳೂ ಪ್ರತಿ ಊರಿನಲ್ಲಿವೆ, ಅವು ಯಾವುವೆಂದು ವಕೀಲರ ಸಂಘಕ್ಕೆ ಚೆನ್ನಾಗಿ ಗೊತ್ತು.

ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕಾದರೆ ಈಗ ಮೂರು ವರ್ಷದ ವಕೀಲಿಕೆಗೆ ಪ್ರಮಾಣಪತ್ರ ಬೇಕು. ಅದನ್ನು ನ್ಯಾಯಾಧೀಶರೇ ಕೊಡಬೇಕು, ಇಲ್ಲವೇ ಹತ್ತು ವರ್ಷ ಅನುಭವವಿರುವ ವಕೀಲರು ಕೊಟ್ಟು, ಅದರ ಮೇಲೆ ನ್ಯಾಯಾಧೀಶರ ದೃಢೀಕರಣ ಆಗಬೇಕು. ಅಂದರೆ ಜೂನಿಯರಿನ ಮುಂದಿನ ಬದುಕಿನ ಮೇಲೆ ಸೀನಿಯರಿನ ಹಿಡಿತ ಮೊದಲಿಗಿಂತ ಹೆಚ್ಚಾಗಿದೆ. ಹಾಗಾದ ಮೇಲೆ ಹೊಣೆಯೂ ಹೆಚ್ಚಬೇಕು. ಕಕ್ಷಿದಾರರಿಂದ ಫೀಸು ತೆಗೆದುಕೊಳ್ಳುವಾಗ ಗುಮಾಸ್ತರ ಖರ್ಚನ್ನು ಬೇರೆಯಾಗಿ ಕೇಳುವ ರೂಢಿ ನಮ್ಮ ಕೋರ್ಟುಗಳಲ್ಲಿ ಮೊದಲಿಂದಲೂ ಇದೆ, ಯಾರೂ ಅದಕ್ಕೆ ತಕರಾರು ಮಾಡುವುದಿಲ್ಲ. ಅದರ ಪಕ್ಕದಲ್ಲೇ ಜೂನಿಯರ್ ಹೆಸರಿನಲ್ಲೂ ಒಂದು ಮೊತ್ತವನ್ನು ಬರೆದು, ರಶೀದಿ ಕೊಟ್ಟು, ಅದನ್ನು ನೇರವಾಗಿ ಅವರ ಖಾತೆಗೇ ಹಾಕಬಹುದು. ಕಾನೂನು ತಿದ್ದುಪಡಿ ಬೇಕಿಲ್ಲ, ಸರ್ಕಾರದ ಅನುದಾನ ಬೇಕಿಲ್ಲ. ಜಿಲ್ಲಾ ವಕೀಲರ ಸಂಘವೊಂದು ತನ್ನ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿ, ಮರುದಿನದಿಂದಲೇ ಇದನ್ನು ಶುರುಮಾಡಬಹುದು.